ಹಿಮದೂರಿಗೆ ಹೊರಡುವ ಮುನ್ನ

ತಿಪಟೂರಿನ ಕಡೆಯ ನನ್ನಂಥವರಿಗೆ ಹಿಮ ಎಂದರೆ ಫ್ರೀಜರ್‌ನಲ್ಲಿ ಕಟ್ಟಿಕೊಳ್ಳುವ, ಅಮ್ಮ ತಿಂಗಳಿಗೊಮ್ಮೆ ಚಮಚದಲ್ಲಿ ಕೆರೆದು ಹಾಕುವ ಬಿಳಿ ಪದರ. ಅದಕ್ಕಿಂತ ಹೆಚ್ಚಿನ ಪರಿಚಯ ನಮಗಿಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಇಂಥ ಸೀಮೆಯ ಐವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ, ಅಂದರೆ ಜನವರಿಯ ನಡುವಿನಲ್ಲಿ, ಹಿಮಾಲಯಕ್ಕೆ ಹೋಗುವುದೆಂದು ಹಾಸ್ಟೆಲ್ ಮೆಸ್ಸಿನಲ್ಲಿ ಕುಳಿತು ನಿರ್ಧರಿಸಿದೆವು. ನಿರ್ಧಾರಕ್ಕೆ ಹಿಡಿದದ್ದು ಎರಡು ದೋಸೆ ತಿನ್ನುವಷ್ಟು ಹೊತ್ತು. ಯೋಜನೆಗೆ ಹಿಡಿದದ್ದು ಮೂರು ತಿಂಗಳು.

ನಾವು ಆರಿಸಿಕೊಂಡದ್ದು ಕೇದಾರಕಾಂತ. ಹೆಸರು ಕೇಳಿದ ಅಜ್ಜಿ, "ಕೇದಾರಕ್ಕೆ ಹೋಗ್ತೀಯಾ? ಬರುವಾಗ ತೀರ್ಥ ತಗಂಬಾ" ಎಂದರು. ಅಜ್ಜಿಯ ಕೇದಾರನಾಥ ಬೇರೆ. ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚಿರುತ್ತದೆ. ಕೇದಾರಕಾಂತ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮದಲ್ಲಿ. 1955ರಲ್ಲಿ ವನ್ಯಜೀವಿಧಾಮವಾಗಿ ಶುರುವಾಗಿ, 1990ರಲ್ಲಿ ಅದರ ಒಂದು ಭಾಗ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ದೇವದಾರು, ಪೈನ್, ಓಕ್ ಮರಗಳ ನಡುವೆ ಹಿಮಚಿರತೆ, ಕಸ್ತೂರಿ ಮೃಗ, ಕಪ್ಪು ಕರಡಿ, ಬಣ್ಣಬಣ್ಣದ ಮೋನಾಲ್ ಹಕ್ಕಿಗಳ ನೆಲೆ.

ಎತ್ತರದ ಲೆಕ್ಕ ನಮಗೆ ಅರ್ಥವಾದದ್ದು ಮುಳ್ಳಯ್ಯನಗಿರಿಯ ಜೊತೆ ಹೋಲಿಸಿದಾಗ. ಕರ್ನಾಟಕದ ಅತಿ ಎತ್ತರದ ಈ ಶಿಖರ 1,930 ಮೀಟರ್. ಕೇದಾರಕಾಂತದ ಚಾರಣ ಶುರುವಾಗುವ ಸಾಂಕ್ರಿ ಎಂಬ ಹಳ್ಳಿಯೇ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯ ಮುಗಿಯುವಲ್ಲಿ ಅವರ ಹಳ್ಳಿ ಶುರು! ಅಲ್ಲಿಂದ ಜೂಡಾ ಕಾ ತಾಲಾಬ್ ಎಂಬ ಕೆರೆಯ ಬಳಿ ಒಂದು ರಾತ್ರಿ, ಶಿಖರದ ಬುಡದ ಕ್ಯಾಂಪಿನಲ್ಲಿ ಇನ್ನೊಂದು ರಾತ್ರಿ. ಮೂರನೇ ದಿನ ನಸುಕಿನಲ್ಲಿ ಹೊರಟು ಸುಮಾರು 3,800 ಮೀಟರ್ ಎತ್ತರದ ತುದಿ. ಆಕಾಶ ತಿಳಿಯಾಗಿದ್ದರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಎದುರಿಗೇ ಕಾಣುತ್ತವಂತೆ.

ಅಮ್ಮನ ಪ್ರಶ್ನೆ

ದಸರಾ ರಜೆಗೆ ಊರಿಗೆ ಹೋದಾಗ ಈ ಎಲ್ಲವನ್ನೂ ಅಮ್ಮನಿಗೆ ವಿವರಿಸಿದೆ. ಶನಿವಾರ, ಭಾನುವಾರ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ದುಡ್ಡು ಇದೆ, ಅಪ್ಪನ ಹತ್ತಿರ ಕೇಳುವುದಿಲ್ಲ ಎಂದೂ ಹೇಳಿದೆ. ಅಮ್ಮ ಕೊಬ್ಬರಿ ಹೋಳು ಮಾಡುತ್ತಲೇ ಕೇಳಿಸಿಕೊಂಡು, "ಅಲ್ಲ ಕಣಪ್ಪ, ಹವಾ ಕೆಟ್ರೆ ಏನ್ ಮಾಡ್ತೀರ? ಅದ್ನ ಮೊದ್ಲು ಹೇಳು. ಟೋಪಿ, ಸ್ವೆಟ್ರು ಆಮೇಲೆ ನೋಡಣ" ಎಂದಳು.

ಆ ಪ್ರಶ್ನೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. 2024ರ ಜೂನ್ ಮೊದಲ ವಾರ ನಮ್ಮ ಮನೆಯ ಟಿ.ವಿ.ಯಲ್ಲಿ ಎರಡು ಮೂರು ದಿನ ಒಂದೇ ಸುದ್ದಿ. ಇದೇ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಹಾಕಿಕೊಂಡಿತ್ತು. 9 ಮಂದಿ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್‌ಗಳಲ್ಲಿ ಕೆಳಗೆ ತಂದರು. ರಾಜ್ಯದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತು, ಬದುಕುಳಿದವರನ್ನೂ ಮೃತರನ್ನೂ ಮನೆಗೆ ಕರೆತರುವ ಏರ್ಪಾಡು ನೋಡಿಕೊಂಡಿದ್ದರು. ಹೋದವರೆಲ್ಲ ಬೆಟ್ಟವನ್ನು ಪ್ರೀತಿಸುತ್ತಿದ್ದವರು, ಹಲವರು ಅನುಭವಿಗಳು. ಅದೂ ಜೂನ್‌ನಲ್ಲಿ. ನಾವು ಹೊರಟಿರುವುದು ಜನವರಿಯಲ್ಲಿ.

ಹಾಗಾಗಿ ನಮ್ಮ ಯೋಜನೆಯ ಹಾಳೆಯ ಮೊದಲ ಸಾಲು ಅಮ್ಮನ ಪ್ರಶ್ನೆಯೇ ಆಯಿತು. ಅದರ ಕೆಳಗೆ ಐವರೂ ಸೇರಿ ನಾಲ್ಕು ನಿಯಮ ಬರೆದು ಸಹಿ ಹಾಕಿದೆವು. ಒಂದು: ಶಿಖರದ ದಿನ ನಸುಕಿನ ಮೂರಕ್ಕೆ ಹೊರಡುತ್ತೇವೆ, ಬೆಳಿಗ್ಗೆ 10ಕ್ಕೆ ಎಲ್ಲಿದ್ದರೂ, ತುದಿ ನೂರು ಹೆಜ್ಜೆ ದೂರವಿದ್ದರೂ ತಿರುಗಿ ಇಳಿಯಬೇಕು. ಹೊತ್ತೇರಿದಂತೆ ಹಿಮ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತದೆ, ಮಧ್ಯಾಹ್ನದ ನಂತರ ಹವೆ ಕೆಡುವುದೂ ಹೆಚ್ಚು. ಎರಡು: ತಲೆನೋವು, ವಾಕರಿಕೆ ಬಂದರೆ ಮುಚ್ಚಿಡುವಂತಿಲ್ಲ. ಎತ್ತರಕ್ಕೆ ದೇಹ ಒಗ್ಗದಿದ್ದಾಗ ಬರುವ ಲಕ್ಷಣಗಳಿವು. ಹೀಗಿದ್ದಾಗ ಮೇಲೇರಬಾರದು, ಹೆಚ್ಚಾದರೆ ಇಳಿಯುವುದೇ ಮದ್ದು. ಮೂರು: ಯಾರನ್ನೂ ಒಂಟಿಯಾಗಿ ಬಿಡುವಂತಿಲ್ಲ. ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ಮತ್ತು ಸಹಾಯಕ ಗೈಡ್ ಜೊತೆಗೆ ಇಳಿಯಬೇಕು. ನಾಲ್ಕು: ಗೈಡ್ ಬೇಡ ಎಂದರೆ ಬೇಡ. ಚರ್ಚೆ ಬೇಕಿದ್ದರೆ ಸಾಂಕ್ರಿಗೆ ಮರಳಿದ ಮೇಲೆ.

ಫೋನಿನಲ್ಲಿ ಮಾತಾಡಿದ ಸಾಂಕ್ರಿಯ ಗೈಡ್‌ಗೆ ನಮ್ಮ ಹರುಕುಮುರುಕು ಹಿಂದಿಯಲ್ಲಿ ಈ ನಿಯಮಗಳನ್ನು ಓದಿ ಹೇಳಿದೆವು. ನಾಲ್ಕನೆಯದನ್ನು ಮಾತ್ರ ಇನ್ನೊಮ್ಮೆ ಓದಿ ಎಂದರು.

ಚಳಿಗೂ ಒಂದು ಸಿಲೆಬಸ್

ಮೆಕ್ಯಾನಿಕಲ್ ವಿಭಾಗದ ನಮಗೆ ಶಾಖ ವರ್ಗಾವಣೆಯ ಪಾಠ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಎತ್ತರ ಒಂದು ಕಿಲೋಮೀಟರ್ ಹೆಚ್ಚಾದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸಾಂಕ್ರಿಯಲ್ಲಿ ಸೊನ್ನೆ ಇದ್ದರೆ ತುದಿಯಲ್ಲಿ ಹೆಚ್ಚುಕಡಿಮೆ ಮೈನಸ್ 12. ಇದರ ಮೇಲೆ ಗಾಳಿಯ ಲೆಕ್ಕ ಬೇರೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 20ರಂತೆ ತಾಗುತ್ತದೆ.

ಬಟ್ಟೆ ಶಾಖ ಹುಟ್ಟಿಸುವುದಿಲ್ಲ. ದೇಹದ ಶಾಖ ಓಡಿಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವುದು ಕೂಡ ನೂಲಲ್ಲ, ನೂಲಿನ ಸಂದಿಯಲ್ಲಿ ನಿಂತ ಗಾಳಿ. ನಿಶ್ಚಲ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದಲೇ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುವ ಹತ್ತಿಯ ಬನಿಯನ್, ಜೀನ್ಸ್ ಅಲ್ಲಿ ಶತ್ರುಗಳು. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಮೇಲು: ಬೆವರನ್ನು ಹೊರಹಾಕುವ ಥರ್ಮಲ್, ಗಾಳಿ ಹಿಡಿದಿಡುವ ಫ್ಲೀಸ್, ಗಾಳಿ ಮತ್ತು ಹಿಮ ತಡೆಯುವ ಜಾಕೆಟ್. ಏರುವಾಗ ಒಂದು ಪದರ ಕಳಚಬೇಕು, ನಿಂತಾಗ ಹಾಕಿಕೊಳ್ಳಬೇಕು.

ಚಳಿಯ ಅಪಾಯ ನಡುಕದಿಂದ ಶುರುವಾಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಕೈಯಲ್ಲಿದ್ದುದು ಜಾರುತ್ತದೆ, ನಡಿಗೆ ಎಡವುತ್ತದೆ. ಕಷ್ಟವೆಂದರೆ ಇದು ಆಗುತ್ತಿರುವವರಿಗೇ ತಿಳಿಯುವುದಿಲ್ಲ, ಪಕ್ಕದಲ್ಲಿರುವವರು ಗಮನಿಸಬೇಕು. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡಿಕೊಂಡಿದ್ದೇವೆ. ನನ್ನ ಜೋಡಿ ರಾಯಚೂರಿನವನು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬೆಳೆದ ಅವನಿಗೆ ಬೆಂಗಳೂರಿನ ಡಿಸೆಂಬರ್ ಕೂಡ ಹಿಮಯುಗ. ಅವನ ಮಾತು ಯಾವಾಗ ಸಹಜ, ಯಾವಾಗ ತೊದಲು ಎಂದು ಕಂಡುಹಿಡಿಯುವುದು ನನ್ನ ಹೊಣೆ. ಕೊಡಗಿನವಳು ಮತ್ತು ಧಾರವಾಡದವಳು ಇನ್ನೊಂದು ಜೋಡಿ, ಅವರದೇ ಟೆಂಟ್.

ಸಣ್ಣಪುಟ್ಟ ಸಂಗತಿಗಳಿಗೂ ಹಾಳೆಯಲ್ಲಿ ಜಾಗವಿದೆ. ಬಾಟಲಿಯ ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ರಾತ್ರಿ ಅದನ್ನು ತಲೆಕೆಳಗಾಗಿ ಇಟ್ಟರೆ ಬೆಳಿಗ್ಗೆ ಮುಚ್ಚಳದ ಕಡೆ ನೀರಿರುತ್ತದೆ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಸೋಲುವುದರಿಂದ ಅದೂ ನಮ್ಮೊಡನೆ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಬೇಕು. ತಂಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳ ಶೇ 80ರಷ್ಟನ್ನು ಕಣ್ಣಿಗೇ ತಿರುಗಿಸುತ್ತದೆ. ಜಾರದಂತೆ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ, ಹಿಮ ಬೂಟಿನೊಳಗೆ ಹೋಗದಂತೆ ತಡೆಯುವ ಗೇಟರ್‌ಗಳು ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ನಾಲ್ಕು ದಿನಕ್ಕಾಗಿ ಅವನ್ನೆಲ್ಲ ಕೊಂಡು ಹಾಸ್ಟೆಲ್ ಮಂಚದ ಕೆಳಗೆ ತುಂಬುವ ಅಗತ್ಯವಿಲ್ಲ.

ಒಂದು ದಿನದ ಬೆಲೆ

ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ಕ್ಯಾಲೆಂಡರ್ ಮುಂದೆ. ವಿಮಾನ ನಮ್ಮ ಲೆಕ್ಕದಲ್ಲಿ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನ ಸ್ಲೀಪರ್‌ನಲ್ಲಿ ಎರಡು ರಾತ್ರಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ಡೆಹ್ರಾಡೂನ್. ಅಲ್ಲಿಂದ ಸಾಂಕ್ರಿಗೆ ಸುಮಾರು 200 ಕಿ.ಮೀ.; ಬೆಟ್ಟದ ತಿರುವುಗಳಲ್ಲಿ ಒಂದು ಇಡೀ ಹಗಲು. ಬಸ್ಸು, ಜೀಪುಗಳು ಬೆಳಗಿನ ಹೊತ್ತೇ ಹೊರಡುತ್ತವೆ. ಪುರೋಲಾ ದಾಟುವ ಮೊದಲೇ ನಗದು ಇಟ್ಟುಕೊಳ್ಳಬೇಕು, ಮುಂದೆ ಮೊಬೈಲ್ ಸಿಗ್ನಲ್ಲನ್ನೂ ನಂಬುವಂತಿಲ್ಲ. ರೂಪಿನ್, ಸೂಪಿನ್ ನದಿಗಳು ಕೂಡಿ ಟೋನ್ಸ್ ಆಗುವ ನೈಟ್ವಾರ್‌ನಲ್ಲಿ ಅರಣ್ಯ ಇಲಾಖೆಯ ತನಿಖೆ, ಶುಲ್ಕ. ಹೀಗೆ ಹೋಗಿ ಬರಲು ಒಟ್ಟು 13 ದಿನ. ಅದರಲ್ಲಿ ಬೆಟ್ಟದ ಮೇಲೆ ನಾಲ್ಕೇ ದಿನ. ತಲೆಗೆ 15 ಸಾವಿರ ರೂಪಾಯಿ. ಅದರಲ್ಲಿ ಎರಡು ಸಾವಿರ ಮುಟ್ಟಬಾರದ ಹಣ.

ಆ 13ರಲ್ಲಿ ಒಂದು ದಿನ ಖಾಲಿ. ಆ ದಿನ ಏನೂ ಇಲ್ಲ. ನಮಗೆ ಮುಂಗಾರು ಅರಬ್ಬಿ ಸಮುದ್ರದಿಂದ ಬರುವಂತೆ, ಆ ಬೆಟ್ಟಗಳಿಗೆ ಚಳಿಗಾಲದ ಮಳೆ, ಹಿಮ ತರುವ ಮಾರುತಗಳು ದೂರದ ಮೆಡಿಟರೇನಿಯನ್ ಕಡೆಯಿಂದ ಬರುತ್ತವೆ. ಬಂದರೆ ದಿನಗಟ್ಟಲೆ ಹಿಮ ಸುರಿದು ರಸ್ತೆಯೂ ಮುಚ್ಚಬಹುದು. ಹವಾಮಾನ ಇಲಾಖೆಯ ಮುನ್ಸೂಚನೆ ಕೆಲವು ದಿನ ಮೊದಲು ತಿಳಿಯುತ್ತದೆ. ರೈಲಿನ ಟಿಕೆಟ್ ಮಾಡಿಸಬೇಕಾದದ್ದು 60 ದಿನ ಮೊದಲು. ಈ ಎರಡರ ನಡುವಿನ ಕಂದಕ ತುಂಬುವುದು ಆ ಖಾಲಿ ದಿನ ಮಾತ್ರ. ಅದಿಲ್ಲದಿದ್ದರೆ ರೈಲು ತಪ್ಪುತ್ತದೆಂಬ ಭಯಕ್ಕೆ ಕೆಟ್ಟ ಹವೆಯಲ್ಲೂ ಹೊರಡುವ ಆಸೆ ಹುಟ್ಟುತ್ತದೆ.

ನಮ್ಮ ಐದನೆಯವನು ಉಡುಪಿಯವನು. ಈ ಚಾರಣದ ಮಾತು ಮೊದಲು ಎತ್ತಿದವನೇ ಅವನು. ಅಕ್ಟೋಬರ್ ಕೊನೆಗೆ ಅವನಿಗೆ ಇಂಟರ್ನ್‌ಶಿಪ್ ಸಿಕ್ಕಿತು, ಸೇರಬೇಕಾದ ದಿನ ನಮ್ಮ ಪಟ್ಟಿಯ 13ನೇ ದಿನ. ಖಾಲಿ ದಿನ ತೆಗೆದರೆ ಅವನು ಬರಬಹುದು, ಇಟ್ಟುಕೊಂಡರೆ ಇಲ್ಲ. ಎರಡು ಸಂಜೆ ಮಾತಾಡಿದೆವು. ರಾಯಚೂರಿನವನು "ತೆಗಿಯೋಣ ಬಿಡ್ರಿ, ಏನಾಗ್ತೈತಿ?" ಎಂದ. ನನಗೂ ಹಾಗೇ ಅನ್ನಬೇಕೆನಿಸಿತ್ತು; ಮೂರು ತಿಂಗಳು ಒಟ್ಟಿಗೆ ಕನಸು ಕಂಡವನನ್ನು ಬಿಟ್ಟು ಹೋಗುವುದು ಹೇಗೆ? ಕೊನೆಗೆ ಹಾಳೆಯನ್ನು ಎಳೆದುಕೊಂಡವನು ಅವನೇ. ಮೊದಲ ಸಾಲಿನ ಮೇಲೆ ಬೆರಳಿಟ್ಟು, "ನಿನ್ನ ಅಮ್ಮನಿಗೆ ಇದಕ್ಕೆ ಉತ್ತರ ಕೊಟ್ಟಾಗಿದೆಯಲ್ಲ ಮಾರಾಯ. ಇನ್ನು ಬದಲಾಯಿಸುವುದು ಬೇಡ" ಎಂದ.

ಈಗ ಅವನಿಗೆ ಬೇರೆ ಕೆಲಸವಿದೆ. ನಮ್ಮ ದಿನವಹಿ ಪಟ್ಟಿ, ಗೈಡ್‌ನ ನಂಬರು, ನಾಲ್ವರ ರಕ್ತದ ಗುಂಪು, ಮನೆಯ ನಂಬರುಗಳು ಅವನ ಬಳಿ ಇರುತ್ತವೆ. 8ನೇ ದಿನ ಸಂಜೆ ಸಾಂಕ್ರಿಗೆ ಇಳಿದು ಅವನಿಗೆ ಸುದ್ದಿ ಮುಟ್ಟಿಸಬೇಕು. 9ನೇ ದಿನ ರಾತ್ರಿಯವರೆಗೂ ಸುದ್ದಿ ಬಾರದಿದ್ದರೆ ಯಾರಿಗೆ, ಯಾವ ಕ್ರಮದಲ್ಲಿ ಫೋನ್ ಮಾಡಬೇಕೆಂದು ಬರೆದಿಟ್ಟಿದ್ದೇವೆ. ಅಲ್ಲಿಯವರೆಗೆ ನಮ್ಮ ಮನೆಗಳವರು ಗಾಬರಿಯಾಗದಂತೆ ಸಮಾಧಾನ ಹೇಳುವುದೂ ಅವನ ಪಾಲಿಗೆ.

ಅತಿಥಿಗಳ ಲಗೇಜು

ಒಂದು ಮಾತು ಮರೆಯಬಾರದು. ನಾವು ಹೋಗುತ್ತಿರುವುದು ಸಂರಕ್ಷಿತ ಕಾಡಿಗೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅದೇ ದಾರಿಯಲ್ಲಿ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಎಸೆದ ಚಾಕಲೇಟ್ ಹಾಳೆಯನ್ನು ಹಿಮ ಮುಚ್ಚುತ್ತದೆಯೇ ಹೊರತು ಕರಗಿಸುವುದಿಲ್ಲ. ಬೇಸಿಗೆಗೆ ಅದು ಹಾಗೇ ಮೇಲೇಳುತ್ತದೆ. ನಾಲ್ವರಿಗೂ ಒಂದೊಂದು ಕಸದ ಚೀಲ ಲಗೇಜಿನ ಪಟ್ಟಿಯಲ್ಲಿದೆ. ಬೆಂಕಿ ಹಾಕಿ ಕುಣಿಯುವ ರೀಲ್ಸ್ ಆಸೆಯನ್ನು ಕೈಬಿಟ್ಟಿದ್ದೇವೆ, ಸ್ಪೀಕರ್ ಹಾಸ್ಟೆಲ್‌ನಲ್ಲೇ ಉಳಿಯುತ್ತದೆ.

ಹೋಗುವ ಟಿಕೆಟ್ ತೆರೆದ ಬೆಳಿಗ್ಗೆ 8 ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕುಳಿತವನು ಉಡುಪಿಯವನೇ. ನಮ್ಮಲ್ಲಿ ಟೈಪಿಂಗ್ ಅವನದೇ ವೇಗ. ನಾಲ್ಕು ಹೆಸರು, ನಾಲ್ಕು ಬರ್ತ್. ಎರಡು ಅಪ್ಪರ್, ಒಂದು ಮಿಡಲ್, ಒಂದು ಸೈಡ್ ಲೋವರ್. ವಾಪಸ್ ಟಿಕೆಟ್‌ಗೂ ಅವನೇ ಅಲಾರಂ ಇಟ್ಟುಕೊಂಡು ಎದ್ದ. ಊರಿನಲ್ಲಿ ಅಮ್ಮ ಹೂಂ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊಸ ಕ್ಯಾಲೆಂಡರ್‌ನಲ್ಲಿ ನಾವು ಮರಳುವ ದಿನಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಉಡುಪಿಯವನ ನಂಬರು ಬರೆದುಕೊಂಡಿದ್ದಾಳೆ. ಇನ್ನು ಉಳಿದಿರುವುದು ಐದು ಪೇಪರ್, ಪ್ರತಿ ಭಾನುವಾರ ಶಿವಗಂಗೆಯ ಮೆಟ್ಟಿಲು, ಮತ್ತು ರಾಯಚೂರಿನವನ ಅಳತೆಗೆ ಉಣ್ಣೆಯ ಕಾಲುಚೀಲ.