ಆಫ್‌ಸೆಟ್ ಸೊನ್ನೆ ಅಂದ್ರೆ ನಂಬಬೇಡಿ

ಆಪ್-ಆಂಪ್‌ನ ಇನ್‌ಪುಟ್ ಜೋಡಿ ನೋಡಿ. ಎರಡೂ ಟ್ರಾನ್ಸಿಸ್ಟರ್ ಒಂದೇ ಅಳತೆ, ಪಕ್ಕಪಕ್ಕದಲ್ಲೇ ಇವೆ. ಸಿಮ್ಯುಲೇಶನ್ ಓಡಿಸಿದ್ರೆ ಆಫ್‌ಸೆಟ್ ಸೊನ್ನೆ!

ಸಿಲಿಕಾನ್‌ನಲ್ಲಿ ಹಾಗಿರಲ್ಲ. ಡೋಪಿಂಗ್ ಪರಮಾಣುಗಳು ಎಲ್ಲೆಂದರಲ್ಲಿ ಕೂತಿರ್ತವೆ. ಒಂದರ ಥ್ರೆಶೋಲ್ಡ್ ವೋಲ್ಟೇಜ್ ಇನ್ನೊಂದಕ್ಕಿಂತ ಕೆಲವು ಮಿಲಿವೋಲ್ಟ್ ಆಚೀಚೆ. ಕಾರ್ನರ್ ಸಿಮ್ಯುಲೇಶನ್‌ಗೆ ಇದು ಸಿಕ್ಕಲ್ಲ. ಅದು ಎರಡನ್ನೂ ಒಟ್ಟಿಗೇ ಸರಿಸುತ್ತೆ.

ಇಲ್ಲಿ ಬೇಕಿರೋದು ಮಾಂಟೆ ಕಾರ್ಲೊ. ಮಿಸ್‌ಮ್ಯಾಚ್ ಆಯ್ಕೆ ಆನ್ ಮಾಡಿ, ಮರೀಬೇಡಿ. ಪ್ರತಿ ರನ್‌ನಲ್ಲೂ ಪ್ರತಿ ಟ್ರಾನ್ಸಿಸ್ಟರ್‌ಗೂ ಬೇರೆ ಬೇರೆ ಬೆಲೆ. 200 ರನ್ ಆದ್ಮೇಲೆ ಆಫ್‌ಸೆಟ್‌ನ ಹಿಸ್ಟೋಗ್ರಾಮ್ ನೋಡಿ.

ಈ ಜೋಡಿಯಿಂದ ಬಂದ ಸಿಗ್ಮಾ 2 ಮಿಲಿವೋಲ್ಟ್ ಅಂದ್ಕೊಳ್ಳಿ. 1ಕ್ಕೆ ಇಳಿಸೋಕೆ ಗೇಟ್ ವಿಸ್ತೀರ್ಣ ಎರಡಲ್ಲ, ನಾಲ್ಕು ಪಟ್ಟು ಬೇಕು. 1989ರಲ್ಲಿ ಪೆಲ್‌ಗ್ರೊಮ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಇದು. ದುಬಾರಿ ಕಣ್ರೀ: ಗೇಟ್ ಕೆಪಾಸಿಟೆನ್ಸೂ ನಾಲ್ಕು ಪಟ್ಟು!