ಐರ್ಲೆಂಡಿನ ‘ಹೆಂಗಸರ ಕ್ರಿಸ್‌ಮಸ್’

ಕ್ರಿಸ್‌ಮಸ್ ಹಬ್ಬ ಡಿಸೆಂಬರ್ 25ರಂದು ಬರುತ್ತದೆಂಬುದು ನಿಮಗೆಲ್ಲ ಗೊತ್ತು. ಆದರೆ ಅದು ಮುಗಿಯುವುದು ಯಾವಾಗ? ಕ್ರೈಸ್ತ ಸಂಪ್ರದಾಯದಲ್ಲಿ ಈ ಹಬ್ಬದ ಕಾಲ ಹನ್ನೆರಡು ದಿನಗಳದ್ದು. ಅದರ ಕೊನೆಗೆ ಬರುವ ಜನವರಿ 6, ಪೂರ್ವದೇಶದ ಜ್ಞಾನಿಗಳು ಶಿಶು ಯೇಸುವಿನ ದರ್ಶನ ಪಡೆದುದರ ನೆನಪಿನ ದಿನ. ಐರ್ಲೆಂಡಿನಲ್ಲಿ ಈ ದಿನಕ್ಕೆ ‘ಚಿಕ್ಕ ಕ್ರಿಸ್‌ಮಸ್’ ಎಂದೂ ‘ಹೆಂಗಸರ ಕ್ರಿಸ್‌ಮಸ್’ ಎಂದೂ ಹೆಸರಿದೆ. ಐರಿಷ್ ಭಾಷೆಯಲ್ಲಿ ಎರಡನೆಯ ಹೆಸರು ‘ನೊಲ್ಲಿಗ್ ನ ಮನ್’.

ಈ ಹೆಸರು ಬರಲು ಕಾರಣವೇನು? ಹಬ್ಬದ ದಿನಗಳಲ್ಲಿ ಮನೆ ಶುಚಿ ಮಾಡುವುದು, ಅಡುಗೆ, ಅತಿಥಿಗಳ ಉಪಚಾರ ಎಲ್ಲವೂ ಹೆಂಗಸರ ಪಾಲಿಗೇ ಬೀಳುತ್ತಿತ್ತು. ಹಬ್ಬದ ಕೊನೆಯ ದಿನ ಅವರಿಗೆ ವಿರಾಮ. ಅಂದು ಗಂಡಸರು ಮನೆಗೆಲಸ ನೋಡಿಕೊಳ್ಳಬೇಕು. ಹೆಂಗಸರು ನೆರೆಮನೆಗಳಿಗೆ ಹೋಗಿ ಚಹಾ ಕುಡಿದು, ಹಬ್ಬಕ್ಕೆಂದು ಮಾಡಿ ಉಳಿದಿದ್ದ ಕೇಕು ತಿಂದು, ಮಾತುಕತೆಯಲ್ಲಿ ಕಾಲ ಕಳೆಯುತ್ತಿದ್ದರು. ನೈಋತ್ಯದ ಕಾರ್ಕ್ ಮತ್ತು ಕೆರಿ ಪ್ರಾಂತಗಳಲ್ಲಿ ಈ ಪದ್ಧತಿ ಹೆಚ್ಚು ಬಲವಾಗಿ ಉಳಿದು ಬಂದಿದೆ. ದೊಡ್ಡ ಕ್ರಿಸ್‌ಮಸ್ಸಿನ ಮಾಂಸ, ವಿಸ್ಕಿ ಗಂಡಸರ ರುಚಿಗೆ. ಚಿಕ್ಕ ಕ್ರಿಸ್‌ಮಸ್ಸಿನ ಚಹಾ, ಕೇಕು ಹೆಂಗಸರ ರುಚಿಗೆ ಎಂದು ಜನ ಇದಕ್ಕೆ ಸಮಜಾಯಿಷಿ ಹೇಳುತ್ತಿದ್ದರು.

ಹಿಂದಿನ ಸಂಜೆ ದೀಪಗಳ ಆಚರಣೆ. ವೆಸ್ಟ್‌ಮೀತ್ ಪ್ರಾಂತದಲ್ಲಿ ಓಟ್ಸ್ ಧಾನ್ಯ ತುಂಬಿದ ಜರಡಿಯಲ್ಲಿ ಸುತ್ತಲೂ ಹನ್ನೆರಡು ಮೇಣದ ಬತ್ತಿ, ನಡುವೆ ಒಂದು ದೊಡ್ಡ ಬತ್ತಿ ನಿಲ್ಲಿಸಿ ಹಚ್ಚುತ್ತಿದ್ದುದನ್ನು ಸರ್ ಹೆನ್ರಿ ಪಿಯರ್ಸ್ 1682ರಲ್ಲೇ ಬರೆದಿದ್ದಾನೆ. ಕೆಲವೆಡೆ ಒಂದೊಂದು ದೀಪಕ್ಕೂ ಮನೆಯ ಒಬ್ಬೊಬ್ಬರ ಹೆಸರು. ಯಾರ ದೀಪ ಮೊದಲು ಆರುತ್ತದೋ ಅವರಿಗೆ ಮೊದಲು ಸಾವು ಎಂಬ ಭಯ ಬೇರೆ! ಆ ನಡುರಾತ್ರಿ ಬಾವಿಯ ನೀರು ದ್ರಾಕ್ಷಾರಸವಾಗುತ್ತದೆ, ಆದರೆ ಅದನ್ನು ನೋಡಲು ಹೋಗಬಾರದು ಎಂಬ ನಂಬಿಕೆಯೂ ಇತ್ತು. ಜನವರಿ 6ರಂದು ಮನೆಯ ಹಬ್ಬದ ಅಲಂಕಾರವನ್ನು ತೆಗೆಯುತ್ತಾರೆ. ಅದಕ್ಕೆ ಮೊದಲೇ ತೆಗೆದರೆ ಅಶುಭವೆನ್ನುತ್ತಾರೆ.

ಇಂತಹ ಸಂಗತಿಗಳನ್ನು ಉಳಿಸಿದವರಲ್ಲಿ ನಿಮ್ಮಂತಹ ವಿದ್ಯಾರ್ಥಿಗಳೂ ಇದ್ದಾರೆ. ಐರಿಷ್ ಜಾನಪದ ಆಯೋಗದ ಯೋಜನೆಯಂತೆ 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಊರಿನ ಹಿರಿಯರನ್ನು ಕೇಳಿ ಕಥೆ, ನಂಬಿಕೆ, ಹಬ್ಬದ ಪದ್ಧತಿಗಳನ್ನು ಬರೆದುಕೊಂಡರು.

ಅದೇ 1937ರಲ್ಲಿ ಜಾರಿಗೆ ಬಂದ ಐರ್ಲೆಂಡಿನ ಸಂವಿಧಾನವು, ಮಹಿಳೆ ಮನೆಯೊಳಗಿನ ತನ್ನ ಬದುಕಿನಿಂದ ರಾಷ್ಟ್ರಕ್ಕೆ ಆಧಾರವಾಗಿದ್ದಾಳೆಂದು ಹೇಳಿತು. ಹೊಗಳಿಕೆಯಂತೆ ಕೇಳುವ ಮಾತಿದು. ಆದರೆ ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ನಿಯಮ 1973ರವರೆಗೂ ಇತ್ತು. ಸಂವಿಧಾನದ ಆ ಮಾತನ್ನು ಬದಲಿಸಲು 2024ರ ಮಾರ್ಚ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಪ್ರಸ್ತಾವ ಸೋತಿತು.

ಇಂದು ನಗರಗಳಲ್ಲಿ ಈ ದಿನ ಗೆಳತಿಯರು ಹೋಟೆಲುಗಳಲ್ಲಿ ಕೂಡಿ ಊಟ ಮಾಡುತ್ತಾರೆ. ಮಹಿಳಾ ಕಲಾವಿದರ ಕಾರ್ಯಕ್ರಮಗಳೂ ನಡೆಯುತ್ತವೆ. ವರ್ಷಕ್ಕೊಂದು ದಿನದ ಈ ವಿರಾಮ ಹೆಂಗಸರಿಗೆ ಸಲ್ಲುವ ಗೌರವವೇ, ಅಥವಾ ಉಳಿದ ದಿನಗಳ ಕೆಲಸವೆಲ್ಲ ಅವರದೇ ಎಂಬುದರ ಒಪ್ಪಿಗೆಯೇ? ತರಗತಿಯಲ್ಲಿ ಚರ್ಚಿಸಿ. ಚರ್ಚೆಗೆ ಮೊದಲು, ಹಬ್ಬದ ದಿನ ನಿಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರೆಂದು ಗಮನಿಸಿ ಬನ್ನಿ.