ಜಾಲತಾಣ ರಚನೆಯು ಜೀವನೋಪಾಯವಾಗಬಲ್ಲುದೇ?

ಮೂರು ತಿಂಗಳ ಹಿಂದೆ ನಮ್ಮ ಹಳೆಯ ಶಿಷ್ಯರೊಬ್ಬರು ಮಗನೊಡನೆ ನಮ್ಮ ಮನೆಗೆ ಬಂದಿದ್ದರು. ಹುಡುಗನಿಗೆ ಜಾಲತಾಣ ರಚಿಸುವ ವಿದ್ಯೆಯಲ್ಲಿ ಆಸಕ್ತಿ. ಆರು ತಿಂಗಳಲ್ಲಿ ಕಲಿಸಿ ಉದ್ಯೋಗವನ್ನೂ ಕೊಡಿಸುವೆವೆಂದು ಪಟ್ಟಣದ ಸಂಸ್ಥೆಯೊಂದು ಭರವಸೆ ಕೊಟ್ಟಿತ್ತಂತೆ. ಅದರ ಶುಲ್ಕಕ್ಕಾಗಿ ತಾಯಿಯ ಒಡವೆಗಳನ್ನು ಅಡವಿಡುವ ಯೋಚನೆ ನಡೆದಿತ್ತು. “ಮೇಷ್ಟ್ರೇ, ತಾವೇ ಒಂದು ಮಾತು ಹೇಳಬೇಕು” ಎಂದರು. ಈ ಪ್ರಶ್ನೆಯು ಅನೇಕ ಗೃಹಸ್ಥರದಾಗಿರುವುದರಿಂದ, ವಿಚಾರಿಸಿ ತಿಳಿದುದನ್ನು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ಈ ವಿದ್ಯೆಯು ಬಹು ಪುರಾತನವಾದುದಲ್ಲ. ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು; 1993ರಲ್ಲಿ ಆ ಸಂಸ್ಥೆಯು ಇದನ್ನು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟಿತು. ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತುದು 1995ರ ಆಗಸ್ಟ್ 15ರಂದು.

ತಾಣದ ಪುಟಕ್ಕೆ ಮೂರು ಅಂಗಗಳುಂಟು: ಎಚ್‌ಟಿಎಂಎಲ್ ಅದರ ಅಸ್ಥಿಪಂಜರ, ಸಿಎಸ್ಎಸ್ ಅದರ ಅಲಂಕಾರ, ಜಾವಾಸ್ಕ್ರಿಪ್ಟ್ ಅದರ ಚಲನಶಕ್ತಿ. ಕಣ್ಣಿಗೆ ಕಾಣುವ ಈ ಭಾಗವನ್ನು ಕಟ್ಟುವವರು ಕೆಲವರು. ತೆರೆಯ ಹಿಂದೆ ಲೆಕ್ಕಪತ್ರಗಳನ್ನು ಕಾಪಾಡುವ ಭಾಗವನ್ನು ಕಟ್ಟುವವರು ಮತ್ತೆ ಕೆಲವರು.

ಅಂಗಡಿ, ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿ ಇವೆಲ್ಲಕ್ಕೂ ತಾಣಗಳು ಬೇಕಾಗಿವೆ. ಆದರೆ ಸಾಧಾರಣವಾದ ಪುಟವನ್ನು ಇಂದು ಕೃತಕ ಬುದ್ಧಿಮತ್ತೆಯ ಯಂತ್ರವೇ ನಿಮಿಷಗಳಲ್ಲಿ ಬರೆದುಕೊಡುತ್ತದೆ. ಆದಕಾರಣ ಅಷ್ಟನ್ನೇ ಕಲಿತವನಿಗೆ ಅನ್ನ ಹುಟ್ಟುವುದು ಕಷ್ಟ. ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ವೈಯಾಕರಣರಾಗುವುದಿಲ್ಲವಷ್ಟೆ! ಗಿರಾಕಿಯ ಅಗತ್ಯವನ್ನು ಕೇಳಿ ತಿಳಿಯುವುದು, ಯಂತ್ರವು ಬರೆದುದರಲ್ಲಿ ದೋಷವನ್ನು ಕಂಡುಹಿಡಿಯುವುದು, ಕಳ್ಳರಿಂದ ತಾಣವನ್ನು ರಕ್ಷಿಸುವುದು, ಅಂಧರಿಗೆ ಓದಿ ಹೇಳುವ ಸಾಧನಕ್ಕೆ ಅನುಕೂಲವಾಗುವಂತೆ ಚಿತ್ರಗಳಿಗೆ ವಿವರಣೆ ಬರೆಯುವುದು, ಕನ್ನಡದ ಒತ್ತಕ್ಷರಗಳು ಕೆಡದಂತೆ ನೋಡುವುದು, ಇವುಗಳಲ್ಲಿ ಪಳಗಿದವನಿಗೆ ಬೆಲೆಯುಂಟು.

ನಾವು ಕೊಟ್ಟ ಸಲಹೆ ಇಷ್ಟು: ಒಡವೆಗಳು ಪೆಟ್ಟಿಗೆಯಲ್ಲೇ ಇರಲಿ. ಮೊಜಿಲ್ಲಾ ಸಂಸ್ಥೆಯ ಪಾಠಗಳು ಉಚಿತವಾಗಿ ದೊರೆಯುತ್ತವೆ. ಹುಡುಗನು ಮೂರು ತಿಂಗಳು ಮನೆಯಲ್ಲೇ ಕಲಿತು, ತಂದೆಯ ಅಂಗಡಿಗೆ ಒಂದು ತಾಣವನ್ನು ರಚಿಸಲಿ. ಅನಂತರ ಸಂಸ್ಥೆಗೆ ಸೇರಬೇಕೆನಿಸಿದರೆ, ಅಲ್ಲಿ ಕಲಿತವರನ್ನು ಕಂಡು ವಿಚಾರಿಸಿ, ಭರವಸೆಯನ್ನು ಬರಹದಲ್ಲಿ ಪಡೆದೇ ಹಣ ಕಟ್ಟತಕ್ಕುದು.

ಮೊನ್ನೆ ಹುಡುಗನು ತನ್ನ ಕೃತಿಯನ್ನು ತಂದು ತೋರಿಸಿದನು. ನಮ್ಮ ಹಳೆಯ ಮೊಬೈಲಿನಲ್ಲಿ ಸಾಮಾನುಗಳ ಬೆಲೆಯ ಸಾಲು ಅಂಚಿನಾಚೆ ಸರಿದು ಕಾಣದಾಗಿತ್ತು. ಅವನ ಮುಖ ಬಾಡಿತು. ಆದರೆ ಮರುದಿನ ಬೆಳಿಗ್ಗೆಯೇ ಬಂದು, “ಈಗ ನೋಡಿ, ತಾತಾ” ಎಂದನು. ಬೆಲೆಗಳೆಲ್ಲ ಸ್ಪಷ್ಟವಾಗಿ ಕಂಡವು. ಇವನು ಉದ್ಯೋಗ ಪಡೆಯುವನೆಂದು ಭವಿಷ್ಯ ನುಡಿಯಲಾರೆವು. ಕಲಿಯುವನೆಂಬುದರಲ್ಲಿ ಮಾತ್ರ ನಮಗೆ ಸಂದೇಹವಿಲ್ಲ.